ಎತ್ತಿದ ಹೆಬ್ಬೆಟ್ಟು

ಡಂಕರಿಯಿಂದ ಕ್ಯಾಡಲ್‌ಗೆ ಹೋಗುವ ದಾರಿಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಕಂಡೂ ಕೇಳದೆ ಮುಂದೆ ಹೋದವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿಗೆ ನಮ್ಮ ಕಡೆ ಹೆಣ್ಣು ಸಿಕ್ಕಿಲ್ಲ, ಬಿಯರ್ ಸಿಕ್ಕಿಲ್ಲ, ಸತ್ತರೆ ಗುಂಡಿ ತೋಡಲು ಗುದ್ದಲಿಯೂ ಸಿಗುವುದಿಲ್ಲ. ಪಟ್ಟಣದವರು ಪೊಲೀಸು, ಕೆಂಪು ದೀಪ, ಫಲಕ ಎಲ್ಲ ಇಟ್ಟುಕೊಂಡು ಮಾಡಲಾಗದ್ದನ್ನು ನಾವು ಒಂದು ಹೆಬ್ಬೆಟ್ಟಿನಲ್ಲಿ ಮಾಡಿ ಮುಗಿಸುತ್ತೇವೆ. ಎದುರಿಗೆ ಗಾಡಿ ಬಂದರೆ ಸ್ಟೀರಿಂಗಿನ ಮೇಲಿಂದ ಒಂದು ತೋರುಬೆರಳು ಎತ್ತಿದರೆ ಸಾಕು, "ನೋಡಿದೆ ಮಾರಾಯ" ಎಂದಂತೆ. ನಿಂತ ಗಾಡಿ ಕಂಡರೆ ಮಾತ್ರ ವೇಗ ತಗ್ಗಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಹೆಬ್ಬೆಟ್ಟು ಎತ್ತಿ ಹುಬ್ಬು ಹಾರಿಸಬೇಕು. "ಎಲ್ಲ ಸರಿಯಾ?" ಎಂದು ಅದರ ಅರ್ಥ. ನಿಂತವನು ತಿರುಗಿ ಹೆಬ್ಬೆಟ್ಟು ಎತ್ತಿದರೆ ನಾವು ಹೊರಟೆವು. ಎತ್ತದಿದ್ದರೆ ಇಳಿಯಲೇಬೇಕು, ಹೆಂಡತಿ ಹೆರಿಗೆಗೆ ಕೂತಿದ್ದರೂ ಸರಿ. ಹೆಬ್ಬೆಟ್ಟು ಒತ್ತಿದ ಪತ್ರಕ್ಕೆ ಮರುಮಾತಿಲ್ಲ ಎನ್ನುತ್ತಾರಲ್ಲ, ನಮ್ಮಲ್ಲಿ ಎತ್ತಿದ ಹೆಬ್ಬೆಟ್ಟಿಗೂ ಇಲ್ಲ.

ರಸ್ತೆಯ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಒಂದೇ ಒಂದು ತಿರುವಿದೆ. ನಮ್ಮ ಮಕ್ಕಳನ್ನು ವರ್ಷಕ್ಕೊಮ್ಮೆ ಅದನ್ನು ತೋರಿಸಲು ಕರೆದೊಯ್ಯುತ್ತೇವೆ. ಉಳಿದದ್ದೆಲ್ಲ ತಗಡಿನ ಸೂರಿನ ಹಾಗೆ ಸಾಲುಸಾಲು ಏಣು. ಡಂಕರಿಯಲ್ಲಿ ನನ್ನ ಪೆಟ್ರೋಲ್ ಪಂಪಿನ ಮುಂದೆ ಡಬ್ಬಿಗೆ ಹಾಲು ತುಂಬಿಕೊಂಡು ಹೊರಟರೆ ಕ್ಯಾಡಲ್‌ನಲ್ಲಿ ಬೆಣ್ಣೆ ಇಳಿಸಿಕೊಳ್ಳಬಹುದು. ಬೆಣ್ಣೆ ಇಟ್ಟುಕೊಂಡು ಹೊರಟವನೊಬ್ಬ ಹಸು ಇಳಿಸಿಕೊಂಡ ಎಂದೂ ಹೇಳುತ್ತಾರೆ. ನಾನು ಕಣ್ಣಾರೆ ಕಂಡಿಲ್ಲ, ಆದ್ದರಿಂದ ಆಣೆ ಇಡುವುದಿಲ್ಲ.

ಈಗ ಹೇಳಹೊರಟಿದ್ದು ಡೆಲ್ಮಾ ಹ್ಯಾಡೋ ಎಂಬ ಹೆಂಗಸಿನ ವಿಚಾರ.

ಅವಳು ಹುಟ್ಟಿದ್ದು ರೈಲು ಹಳಿ ರಿಪೇರಿಯವರ ಬಿಡಾರದಲ್ಲಿ. ಹಳಿಗೂ ತೊಟ್ಟಿಲಿಗೂ ನಡುವೆ ಒಂದು ಗೋಣಿಚೀಲದ ಪರದೆ. ಗೂಡ್ಸ್ ರೈಲಿನ ಸದ್ದನ್ನು ಮೀರಿ ಅತ್ತರೆ ಮಾತ್ರ ತಾಯಿಗೆ ಕೇಳಿಸಿ ಹಾಲು ಸಿಗುತ್ತಿತ್ತು. ಹಾಗಾಗಿ ಹಲ್ಲು ಬರುವ ಮೊದಲೇ ಅವಳಿಗೆ ಗಂಟಲು ಬಂತು. ಮೈ ನೆರೆಯುವ ಹೊತ್ತಿಗೆ ಅವಳು ಕುರಿಯ ಉಣ್ಣೆ ಕತ್ತರಿಸುವವರ ಶೆಡ್ಡಿನಲ್ಲಿ ಅಡುಗೆಯವಳು. ಅವಳು "ಊಟ!" ಎಂದು ಕೂಗಿದರೆ ಪಕ್ಕದ ಜಮೀನಿನವರೂ ಕೈ ತೊಳೆದುಕೊಂಡು ಹೊರಡುತ್ತಿದ್ದರು. ನಮ್ಮಲ್ಲಿ ಪಕ್ಕದ ಜಮೀನು ಅಂದರೆ ಒಂದು ದಿನದ ದಾರಿಯಾದ್ದರಿಂದ ಅವರಿಗೆ ಸಿಗುತ್ತಿದ್ದದ್ದು ಮರುದಿನದ ಊಟ.

ಉಣ್ಣೆ ಕತ್ತರಿಸುವವರು ಬಾಯಿಗೂ ಕತ್ತರಿ ಇಟ್ಟುಕೊಂಡ ಜನ. ಅಡುಗೆ ಹಿಡಿಸದಿದ್ದರೆ ಕೆಲಸವನ್ನೇ ನಿಲ್ಲಿಸಿಬಿಡುತ್ತಾರೆ. ಒಮ್ಮೆ ಅವರಲ್ಲೊಬ್ಬ ತಟ್ಟೆ ತಳ್ಳಿ, "ಏನಮ್ಮ ಇದು, ಮಾಂಸಾನೋ ಚಪ್ಪಲೀನೋ?" ಎಂದನಂತೆ.

"ಚಪ್ಪಲಿ ಆಗಿದ್ರೆ ಇಷ್ಟೊತ್ತಿಗೆ ನಿನ್ನ ಬೆನ್ನ ಮೇಲೆ ಇರ್ತಿತ್ತು, ತಟ್ಟೇಲಲ್ಲ. ಬಾಯ್ಮುಚ್ಕೊಂಡು ತಿನ್ನು," ಎಂದಳು ಡೆಲ್ಮಾ.

ಆ ಶೆಡ್ಡಿಗೆ ಗಾಳಿಯಂತ್ರ ನಿಲ್ಲಿಸಲು ಬಂದವನು ಕ್ಲೆಮ್ ಹ್ಯಾಡೋ. ದನಗಳಿಗೆ ನೆಲದೊಳಗಿನ ನೀರೆತ್ತುವ ಎತ್ತರದ ಗಾಳಿಯಂತ್ರಗಳು ನಮ್ಮ ಸೀಮೆಯಲ್ಲಿ ಎಷ್ಟು ನಿಂತಿದ್ದವೋ ಅಷ್ಟಕ್ಕೂ ಅವನ ಕೈ ತಾಗಿತ್ತು. ತಂತಿಯ ತುಂಡು ಮತ್ತು ಇಕ್ಕಳ ಕೊಟ್ಟರೆ ಕ್ಲೆಮ್ ಚಂದ್ರನನ್ನೂ ಬಿಗಿದು ನಿಲ್ಲಿಸುತ್ತಾನೆ, ಅಮಾವಾಸ್ಯೆಯೇ ಇರುವುದಿಲ್ಲ ಎಂದು ನಾವೇ ಹೇಳುತ್ತಿದ್ದೆವು. ಯಾರ ಗಾಡಿ ಎಲ್ಲಿ ಕೆಟ್ಟರೂ ಕರೆ ಅವನಿಗೆ. ಬಂದು, ಬಗ್ಗಿ ನೋಡಿ, "ಸರಿಹೋಗುತ್ತೆ ಬಿಡು" ಎನ್ನುತ್ತಿದ್ದ. ಆಮೇಲೆ ಸರಿಹೋಗುತ್ತಲೂ ಇತ್ತು. ಆ ಮಾತು ನಮ್ಮ ದೇಶಕ್ಕೆಲ್ಲ ಮಂತ್ರವೇ. ಉಳಿದವರು ಅದನ್ನು ಹೇಳಿ ಸುಮ್ಮನಾಗುತ್ತಾರೆ, ಕ್ಲೆಮ್ ಹೇಳಿ ಮಾಡುತ್ತಿದ್ದ. ಹಾಗಾಗಿ ಅವನ ಬಾಯಲ್ಲಿ ಅದಕ್ಕೆ ಬೆಲೆ ಬಂದಿತ್ತು.

ಅವನು ಅವಳನ್ನು ಮದುವೆಯಾಗಿ ಕರೆದೊಯ್ದದ್ದು ಮನೆಗಲ್ಲ, ಚಕ್ರದ ಮೇಲಿನ ತಗಡಿನ ಪೆಟ್ಟಿಗೆಗೆ. ಒಂದು ಗಾಳಿಯಂತ್ರ ಮುಗಿದರೆ ಇನ್ನೊಂದರ ಬುಡಕ್ಕೆ ಎಳೆದುಕೊಂಡು ಹೋಗುವುದು. ಅವಳು ಕಬ್ಬಿಣದ ಕಾಲುಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದಳು, ಕೆಂಡದಲ್ಲಿ ರೊಟ್ಟಿ ಸುಟ್ಟಳು, ಒಬ್ಬ ಮಗಳನ್ನು ಹೆತ್ತಳು. ಆ ಮಗಳು ಮಾತು ಬಂದ ಕೂಡಲೆ ಬೋರ್ಡಿಂಗ್ ಶಾಲೆ ಕೇಳಿ ಅಡಿಲೇಡಿಗೆ ಹೋದವಳು ತಿರುಗಿ ಬರಲಿಲ್ಲ.

ಗಂಡಹೆಂಡಿರ ನಡುವೆ ಒಂದು ಏರ್ಪಾಡಿತ್ತು. ಜನ ಕೇಳುವುದು ಕ್ಲೆಮ್‌ನನ್ನು, ಉತ್ತರ ಕೊಡುವುದು ಡೆಲ್ಮಾ. "ಹೆಂಗಿದೀಯ ಕ್ಲೆಮ್?" ಎಂದು ನಾನು ಕೇಳಿದರೆ ಜೀಪಿನ ಆ ಕಡೆಯಿಂದ, "ಸೊಂಟ ಹಿಡ್ಕೊಂಡಿದೆ, ರಾತ್ರಿ ಎಲ್ಲ ನರಳ್ತಾನೆ, ಡಾಕ್ಟ್ರು ಎದೆಗೆ ಮಾತ್ರೆ ಕೊಟ್ಟಿದಾರೆ, ಮಾತ್ರೇನ ನಾಯಿಗೆ ಹಾಕಿದಾನೆ" ಎಂದು ವರದಿ ಬರುತ್ತಿತ್ತು. ಕ್ಲೆಮ್ ಹೆಬ್ಬೆಟ್ಟು ಎತ್ತುತ್ತಿದ್ದ. ಅವನ ಹೆಬ್ಬೆಟ್ಟನ್ನೂ ಅವಳ ಬಾಯನ್ನೂ ಕೂಡಿಸಿ ಭಾಗಿಸಿದರೆ ನಿಜ ಸಿಗುತ್ತಿತ್ತು. ಲೆಕ್ಕ ನಮಗೆಲ್ಲ ಅಭ್ಯಾಸವಾಗಿತ್ತು.

ಆಮೇಲೆ ಬಿಸಿಲಿನಿಂದ ಓಡುವ ಪಂಪುಗಳು ಬಂದವು. ಗಾಳಿಯಂತ್ರಕ್ಕೆ ಕೇಳುವವರಿಲ್ಲ. ಕ್ಲೆಮ್ ತನಗೆ ವಯಸ್ಸಾಯಿತೆಂದು ಒಪ್ಪಿಕೊಳ್ಳದೆ, ಕೆಲಸಕ್ಕೆ ವಯಸ್ಸಾಯಿತೆಂದು ಹೇಳಿ ಬಿಟ್ಟುಬಿಟ್ಟ. ನಮ್ಮ ಕಡೆ ಕೆಲಸ ಬಿಟ್ಟ ಗಂಡಹೆಂಡತಿಯರು ಕ್ಯಾರವಾನ್, ಎಂದರೆ ಜೀಪಿನ ಹಿಂದೆ ಎಳೆದೊಯ್ಯುವ ಮನೆ, ಕೊಂಡು ದೇಶ ಸುತ್ತುವುದು ವಾಡಿಕೆ, ಕಾಶಿಗೆ ಹೋದ ಹಾಗೆ. ಅವರೂ ಒಂದು ಕೊಂಡರು. ಅದರಲ್ಲಿ ಗ್ಯಾಸ್ ಒಲೆ, ಫ್ರಿಜ್, ಹೂವಿನ ಪರದೆ, ಅಡಿಯಲ್ಲಿ ಒಂದು ಕೆರೆಯಷ್ಟು ನೀರು ಹಿಡಿಯುವ ಟ್ಯಾಂಕು. ಮಿಕ್ಕವರು ಸಮುದ್ರ ನೋಡಲು ಹೋದರೆ ಕ್ಲೆಮ್ ಹೊರಟಿದ್ದು ತಾನು ನಿಲ್ಲಿಸಿದ ಗಾಳಿಯಂತ್ರಗಳನ್ನು ನೋಡಲು.

ನನ್ನ ಪಂಪಿಗೆ ಅವರು ಬಂದಾಗ ನವೆಂಬರ್ ತಿಂಗಳು, ನಮ್ಮಲ್ಲಿ ಬೇಸಿಗೆ ಕಾಯುವ ಕಾಲ. ಬುದ್ಧಿ ಇದ್ದವರೆಲ್ಲ ತಂಪು ಹುಡುಕಿಕೊಂಡು ತೆಂಕಣಕ್ಕೆ ಇಳಿದು ಹೋಗಿದ್ದರು. ಬಿಸಿಲು ಹೇಗಿತ್ತೆಂದರೆ ನನ್ನ ನೆರಳು ಮನೆಯೊಳಗೇ ಉಳಿದು, "ನೀನು ಹೋಗಿ ಬಾ" ಎನ್ನುತ್ತಿತ್ತು.

"ಯಾತ್ರೆಗೆ ಹೊರಟ್ರಾ ಕ್ಲೆಮ್?" ಎಂದೆ.

"ಹೂಂ, ಯಾತ್ರೆ," ಎಂದಳು ಡೆಲ್ಮಾ. "ಜೀವಮಾನ ಎಲ್ಲ ಅವುಗಳ ಬುಡದಲ್ಲಿ ಪಾತ್ರೆ ತಿಕ್ಕಿದೀನಿ. ಈಗ ದರ್ಶನ ಬೇರೆ ಮಾಡಿಸ್ತಾನಂತೆ. ಒಂದೊಂದಕ್ಕೂ ಅಡ್ಡ ಬೀಳ್ಬೇಕೋ, ಪ್ರದಕ್ಷಿಣೆ ಸಾಕೋ ಕೇಳು."

"ಹಳೇ ದಾರೀಲಿ ಹೋಗ್ತೀನಿ," ಎಂದ ಕ್ಲೆಮ್. "ಏಳನೇ ನಂಬರ್ ಗಾಳಿಯಂತ್ರ ಅಲ್ಲಿದೆ."

ಹಳೆಯ ದಾರಿ ಎಂದರೆ ಮುಖ್ಯ ರಸ್ತೆಯಿಂದ ಒಡೆದು, ಮರಳ ದಿಬ್ಬಗಳ ಹಿಂದೆ ಸುತ್ತಿ, ಮತ್ತೆ ಕ್ಯಾಡಲ್ ಹತ್ತಿರ ಸೇರುವ ಜಾಡು. ಅಲ್ಲಿ ಫೋನು ಸಿಗುವುದಿಲ್ಲ, ಬೇಲಿ ಕೆಲಸದ ಬೆವನ್ ಒಬ್ಬನನ್ನು ಬಿಟ್ಟರೆ ಓಡಾಡುವವರಿಲ್ಲ.

"ದೂರದೋರ ಹತ್ರ ಮಾತಾಡೋ ರೇಡಿಯೋ ಒಂದು ಹಾಕಿಸ್ಕೋ ಮಾರಾಯ," ಎಂದೆ.

"ಅದು ಹೆಂಗಸ್ರು ಹರಟೆ ಹೊಡೆಯೋಕೆ. ನನ್ನ ಗಾಡೀಲಿ ಆಗ್ಲೇ ಒಂದಿದೆ, ಆಫ್ ಮಾಡೋ ಗುಂಡಿ ಇಲ್ಲ."

"ಗುಂಡಿ ಇದೆ. ನಿನ್ನ ಕೈ ಹೋಗಲ್ಲ ಅಷ್ಟೆ," ಎಂದಳು ಡೆಲ್ಮಾ. ಆಮೇಲೆ ನನ್ನ ಕಡೆ ತಿರುಗಿ, "ಕ್ಯಾಡಲ್ ಮುಟ್ಟಿದ ತಕ್ಷಣ ನಾನು ಫೋನ್ ಮಾಡ್ತೀನಿ. ಬರ್ಲಿಲ್ಲ ಅಂದ್ರೆ ಯಾರನ್ನಾದ್ರೂ ಕಳ್ಸು" ಎಂದಳು.

"ಯಾರನ್ನ ಕಳಿಸ್ತಾನೆ? ನನ್ನ ಹುಡುಕೋಕೆ ಹೋದೋನನ್ನ ಹುಡುಕೋಕೆ ನನ್ನೇ ಕರೀಬೇಕು," ಎಂದು ನಗುತ್ತ ಕ್ಲೆಮ್ ಹೆಬ್ಬೆಟ್ಟು ಎತ್ತಿ ಹೊರಟ. ಕ್ಯಾರವಾನ್ ಧೂಳಿನಲ್ಲಿ ಕರಗಿತು.

ಮುಂದಿನದು ಡೆಲ್ಮಾ ಹೇಳಿದ್ದು. ಅವಳು ಸುಳ್ಳು ಹೇಳುವವಳಲ್ಲ; ಸುಳ್ಳು ನನ್ನ ಖಾತೆ.

ಹೊತ್ತು ಮುಳುಗುವಾಗ ಪೊದೆಯಿಂದ ಒಂದು ಗಂಡು ಕಾಂಗರೂ ಹಾರಿ ಜೀಪಿನ ಮೂತಿಗೆ ಬಡಿಯಿತು. ಕಾಂಗರೂ ಸತ್ತಿತು. ರೇಡಿಯೇಟರು ಹಿಂದಕ್ಕೆ ಬಾಗಿತು, ಫ್ಯಾನು ಅದನ್ನು ಸೀಳಿತು. ಇಂಜಿನ್ ತಣಿಸುವ ಹಸಿರು ನೀರು ಮರಳಿಗೆ ಸುರಿದು, ಕ್ಲೆಮ್ ಇಳಿಯುವಷ್ಟರಲ್ಲಿ ಮರಳು ಒಣಗಿತ್ತು. ಅವನು ಬಗ್ಗಿ ನೋಡಿ, "ಸರಿಹೋಗುತ್ತೆ ಬಿಡು" ಎಂದ. ಡೆಲ್ಮಾಗೆ ಭಯವೇನೂ ಆಗಲಿಲ್ಲ. ಅವನ ಕೈ ಅವಳಿಗೆ ಗೊತ್ತಿತ್ತು.

ಬೆಳಗ್ಗೆ ಚಹಾಕ್ಕೆಂದು ಕ್ಯಾರವಾನಿನ ನಲ್ಲಿ ತಿರುಗಿಸಿದಳು. ಒಂದು ಬಿಕ್ಕಳಿಕೆ ಬಂತು, ಅಷ್ಟೇ. ಕೆಳಗೆ ಬಗ್ಗಿದರೆ ಟ್ಯಾಂಕಿನ ತಳದ ತೂಬನ್ನು ಯಾವುದೋ ಕಲ್ಲು ಹಾರಿ ಮುರಿದಿತ್ತು. ಮುರಿದು ಎಷ್ಟು ಹೊತ್ತಾಗಿತ್ತೋ, ಮದುವೆಮನೆ ಅಂಗಳಕ್ಕೆ ಚಿಮುಕಿಸಿದ ಹಾಗೆ ದಾರಿಯುದ್ದಕ್ಕೂ ನೀರು ಚಿಮುಕಿಸಿಕೊಂಡು ಬಂದಿದ್ದರು.

"ಏ ಕ್ಲೆಮ್, ಟ್ಯಾಂಕು ಖಾಲಿ."

"ಎಷ್ಟು ಖಾಲಿ?"

"ಖಾಲಿಲಿ ಎಷ್ಟು ಅಂತ ಬೇರೆ ಇರುತ್ತಾ? ಪೂರ್ತಿ ಖಾಲಿ."

ಉಳಿದದ್ದು ಜೀಪಿನ ಹಿಂದೆ ಕಟ್ಟಿದ್ದ ಒಂದು ಕ್ಯಾನು ನೀರು. ಅವಳು ಅದನ್ನು ಬಿಚ್ಚಿ ಕ್ಯಾರವಾನಿನ ಒಳಗೆ ತಂದಿಟ್ಟು, ಅದರ ಮೇಲೆ ಕೂತಳು.

ಕ್ಲೆಮ್ ಸೀಳಿದ ತಾಮ್ರದ ಕೊಳವೆಗಳನ್ನು ಇಕ್ಕಳದಲ್ಲಿ ಹಿಂಡಿ ಮಡಚಿದ. ಬಟ್ಟೆ ಸೋಪು ಕಲಸಿ ಮೆತ್ತಿದ. ಆಮೇಲೆ ಬಂದು ಮೊಟ್ಟೆ ಕೇಳಿದ, ಕಾಳುಮೆಣಸಿನ ಪುಡಿ ಕೇಳಿದ. ಹಳಬರ ವಿದ್ಯೆ ಅದು: ರೇಡಿಯೇಟರಿನೊಳಗೆ ಮೊಟ್ಟೆ ಒಡೆದು ಹಾಕಿ ಮೆಣಸು ಸುರಿದರೆ, ಇಂಜಿನ್ ಬಿಸಿಯಾದಾಗ ಬೆಂದು ಬಿರುಕಿಗೆ ಕೂರುತ್ತದೆ. ಆ ರೀತಿ ಆಮ್ಲೆಟ್ ಹಾಕಿಕೊಂಡು ಕ್ಯಾಡಲ್ ಮುಟ್ಟಿದ ಗಾಡಿಗಳನ್ನು ನಾನೇ ಕಂಡಿದ್ದೇನೆ, ವಾಸನೆಗೆ ನಾಯಿಗಳು ಬೆನ್ನುಹತ್ತಿ ಬಂದಿರುತ್ತವೆ.

ಕೊನೆಗೆ ಕ್ಲೆಮ್ ಕೇಳಿದ್ದು ಕ್ಯಾನನ್ನು.

"ಇದು ಕುಡಿಯೋಕೆ," ಎಂದಳು.

"ಕುಡಿದ್ರೆ ಇಲ್ಲೇ ಕೂತಿರ್ತೀವಿ. ಇಂಜಿನ್‌ಗೆ ಹಾಕಿದ್ರೆ ದಿಬ್ಬ ಸುತ್ಕೊಂಡು ಸಂಜೆಗೆ ಏಳನೇ ನಂಬರ್ ಹತ್ರ ಇರ್ತೀವಿ. ಅಲ್ಲಿ ಬೇಕಾದ್ರೆ ಸ್ನಾನಾನೇ ಮಾಡು."

"ಅರ್ಧ ತಗೋ."

"ಅರ್ಧ ನೀರಲ್ಲಿ ಇಂಜಿನ್ ಓಡಲ್ಲ ಕಣೆ, ಸುಟ್ಟುಹೋಗುತ್ತೆ."

"ಅರ್ಧ ನೀರಲ್ಲಿ ನಾನು ಓಡ್ತೀನಾ? ನಿನ್ನ ಎದೆ ಓಡುತ್ತಾ?"

"ಸರಿಹೋಗುತ್ತೆ ಬಿಡು ಮುದುಕಿ."

ಇಬ್ಬರದೂ ನ್ಯಾಯವೇ ಎಂದು ಈಗಲೂ ನನಗನ್ನಿಸುತ್ತದೆ. ಮೆತ್ತಿದ್ದು ನಿಂತರೆ ಅವನು ಸರಿ, ನಿಲ್ಲದಿದ್ದರೆ ಅವಳು ಸರಿ. ಎರಡರ ನಡುವೆ ಇದ್ದದ್ದು ಆ ಒಂದು ಕ್ಯಾನು, ಅದರಾಚೆಗೆ ಇಬ್ಬರ ಜೀವ. ವಾದ ಮಾಡುತ್ತ ಮಾಡುತ್ತ ಬಿಸಿಲೇರಿತು. ತಗಡಿನ ಗೋಡೆ ಕಾವಲಿಯಾಯಿತು. ಮುಂಜಾನೆಯಿಂದ ಬಗ್ಗಿ ಎದ್ದು ಮಾಡಿದ್ದ ಡೆಲ್ಮಾಗೆ ಕಣ್ಣು ಕತ್ತಲಿಟ್ಟು, ಮಂಚದ ಮೇಲೆ ಒರಗಿದಳು. ಕ್ಯಾನಿಗೆ ಒಂದು ಕೈ ಸುತ್ತಿಕೊಂಡೇ ಮಲಗಿದಳಂತೆ, ಎಳೆಗೂಸನ್ನು ಮಗ್ಗುಲಲ್ಲಿಟ್ಟುಕೊಂಡ ಹಾಗೆ.

ಆಗ ಇಂಜಿನ್ ಸದ್ದು ಕೇಳಿಸಿತು.

ಅದು ಬೆವನ್‌ನ ಟ್ರಕ್. ಅವನು ತನ್ನ ಬೇಲಿ ಬಿಡಾರದಿಂದ ಹೊರಟು, ತಂತಿ ತರಲು ಡಂಕರಿಗೆ ಬರುತ್ತಿದ್ದ. ಹುಡುಗನಾಗಿದ್ದಾಗಿನಿಂದ ಕ್ಲೆಮ್‌ನ ಕೈಕೆಳಗೆ ಏಣಿ ಹಿಡಿದು ಬೆಳೆದವನು. ಕೂದಲು ನರೆತ ಮೇಲೂ ಕ್ಲೆಮ್ ಅವನಿಗೆ ಬಾಸೇ. "ಎರಡು ಸಲ ಕೇಳ್ಬೇಡ. ಒಂದ್ಸಲ ಕೇಳು, ಹೇಳಿದ್ದು ನಂಬು" ಎಂದು ಕ್ಲೆಮ್ ಅವನಿಗೆ ಗಂಟಲು ಹರಿಯುವ ತನಕ ಬೈದಿದ್ದ.

ಡೆಲ್ಮಾಗೆ ಟ್ರಕ್ಕು ನಿಧಾನವಾದದ್ದು ಕೇಳಿಸಿತು. ದೇವರೇ ಬಂದ ಎಂದುಕೊಂಡು ಕಾಲು ಕೆಳಗಿಟ್ಟಳು. ನೆಲ ಓಲಾಡಿತು. ಒಲೆ ಹಿಡಿದು, ಬಾಗಿಲು ಹಿಡಿದು, ಮೆಟ್ಟಿಲಿಗೆ ಬರುವಷ್ಟರಲ್ಲಿ ಗೇರು ಬದಲಾದ ಸದ್ದು. ಕೂಗಿದಳು. ರೈಲು ಮೀರಿಸಿದ ಆ ಗಂಟಲಿನಿಂದ ಒಣ ಎಲೆ ಉಜ್ಜಿದಂಥ ಸದ್ದು ಬಂತು. ಬಾಗಿಲಾಚೆ ಧೂಳು ಬಿಟ್ಟರೆ ಏನಿಲ್ಲ. ಧೂಳಿನ ಮುಂದೆ ಕ್ಲೆಮ್, ಒಂದು ಕೈಯಲ್ಲಿ ಇಕ್ಕಳ. ಇನ್ನೊಂದು ಕೈ ಇನ್ನೂ ಮೇಲೇ ಇತ್ತು, ಹೆಬ್ಬೆಟ್ಟು ನೆಟ್ಟಗೆ.

"ಏನ್ ಮಾಡ್ದೆ?" ಎಂದಳು.

"ಬೆವನ್ ಕಣೆ. ಎಲ್ಲ ಸರಿನಾ ಅಂತ ಕೇಳ್ದ."

"ನೀನೇನಂದೆ?"

ಕ್ಲೆಮ್ ತನ್ನ ಕೈಯನ್ನು ತಾನೇ ನೋಡಿ ಕೆಳಗಿಳಿಸಿದ. "ಅವನಿಗೆ ನಾನು ಇಕ್ಕಳ ಹಿಡಿಯೋಕೆ ಕಲ್ಸಿದೀನಿ. ಅವನ ಹತ್ರ ನೀರು ಕೇಳ್ಲಾ? ಇನ್ನೇನು ಮುಗೀತು ಕೆಲಸ."

ಡೆಲ್ಮಾ ಆವತ್ತು ಅವನಿಗೆ ಬೈಯಲಿಲ್ಲವಂತೆ. "ಬೈಯೋಕೂ ಎಂಜಲು ಬೇಕಲ್ಲ" ಎಂದಳು ನನಗೆ ಹೇಳುವಾಗ.

ಕ್ಲೆಮ್ ಕ್ಯಾನನ್ನು ಎತ್ತಿಕೊಂಡು ಹೋದ. ಇಬ್ಬರೂ ಒಂದೊಂದು ಲೋಟ ಕುಡಿದರು. ಉಳಿದದ್ದನ್ನು ರೇಡಿಯೇಟರಿಗೆ ಸುರಿದ, ಒಂದು ಹನಿ ಚೆಲ್ಲಲಿಲ್ಲ. ಇಂಜಿನ್ ಹತ್ತಿತು. ಮೊಟ್ಟೆ ಬೇಯುವ ವಾಸನೆ ಬಂತು. ಜೀಪು ಕ್ಯಾರವಾನನ್ನು ಎಳೆದುಕೊಂಡು ಕೂಗಳತೆ ದೂರ ಹೋಯಿತು. ಕ್ಲೆಮ್ ಅವಳ ಕಡೆ ತಿರುಗಿ ನಗಲು ಬಾಯಿ ತೆರೆದಿದ್ದನಂತೆ. ಅಷ್ಟರಲ್ಲಿ ಮೂತಿಯೊಳಗೆ ಢಬ್ ಎಂದು ಒಡೆದು, ಗಾಜಿನ ತುಂಬ ಹಬೆ, ಸೋಪಿನ ನೊರೆ, ಮೊಟ್ಟೆಯ ಚೂರು. ನೀರು ಹೋದದ್ದು ಯಾವ ಕಡೆ ಎಂಬುದಕ್ಕೂ ಗುರುತಿರಲಿಲ್ಲ.

ಅತ್ತ ಬೆವನ್ ನನ್ನ ಪಂಪಿಗೆ ಬಂದು ಟೋಪಿ ಕೊಡವಿ ಕೂತಿದ್ದ.

"ದಾರೀಲಿ ಬಾಸ್ ಸಿಕ್ಕಿದ್ರು. ಜೀಪಿನ ಮೂತಿ ಬಿಚ್ಚಿದ್ರು."

"ಹೆಂಗಿದಾನೆ?"

"ಹೆಬ್ಬೆಟ್ಟು ಎತ್ತಿದ್ರು."

"ಹಾಗಾದ್ರೆ ಸರಿ ಬಿಡು."

ಇಬ್ಬರೂ ಒಂದೊಂದು ಬಿಯರ್ ಕುಡಿದೆವು. ತಂತಿ ತರುವ ಲಾರಿ ತಡವಾದ್ದರಿಂದ ಬೆವನ್ ನಮ್ಮಲ್ಲೇ ಉಳಿದ. ಕ್ಯಾಡಲ್‌ನಿಂದ ಡೆಲ್ಮಾಳ ಫೋನು ಬರಲಿಲ್ಲ. ಹೆಬ್ಬೆಟ್ಟಿನ ಸುದ್ದಿ ಬಂದ ಮೇಲೆ ಫೋನಿನ ಸುದ್ದಿ ಯಾರಿಗೆ ಬೇಕು? ಏಳನೇ ನಂಬರ್ ಬುಡದಲ್ಲಿ ಬಿಡಾರ ಹಾಕಿ ಅವಳಿಂದ ಪ್ರದಕ್ಷಿಣೆ ಹಾಕಿಸುತ್ತಿರಬೇಕು ಎಂದು ನಗಾಡಿದೆವು.

ಅಲ್ಲಿ ಗಂಡಹೆಂಡಿರು ಕ್ಯಾರವಾನಿನ ಅಡಿಯ ನೆರಳಲ್ಲಿ ಮಲಗಿದರು. ಫ್ರಿಜ್ಜಿನಲ್ಲಿದ್ದ ಮಂಜು ಚೀಪಿದರು, ಬೀಟ್ರೂಟ್ ಡಬ್ಬಿಯ ಕೆಂಪು ನೀರನ್ನು ಹಂಚಿಕೊಂಡರು. ಪೀಚ್ ಹಣ್ಣಿನ ಡಬ್ಬಿಯೊಂದನ್ನು ಡೆಲ್ಮಾ ಒಡೆಯದೆ ಮುಚ್ಚಿಟ್ಟಳು. ನೊಣಗಳು ಬಾಯಿಯ ತೇವಕ್ಕೆ ಮುತ್ತಿದವು, ತೇವ ಮುಗಿದ ಮೇಲೆ ಕಣ್ಣಿಗೆ ಬಂದವು. ಯಾವ ಗಾಡಿಯೂ ಬರಲಿಲ್ಲ. ಕ್ಲೆಮ್‌ನ ತುಟಿ ನೀಲಿಯಾಗುತ್ತ ಬಂತು. ಎದೆಯ ಮಾತ್ರೆ ನುಂಗಲು ಒಣಗಂಟಲು ಬಿಡಲಿಲ್ಲ, ಅವಳು ಅದನ್ನು ಪುಡಿಮಾಡಿ ಬೀಟ್ರೂಟ್ ನೀರಲ್ಲಿ ಕಲಸಿ ನೆಕ್ಕಿಸಿದಳು.

ಮಾರನೆಯ ಬೆಳಗಿಗೆ ಅವನು ಎದ್ದು ಕೂತು ಷೂ ಕಟ್ಟಿದ.

"ಎಲ್ಲಿಗೆ?"

"ಏಳನೇ ನಂಬರ್. ಆ ದಿಬ್ಬದ ಮೇಲಿಂದ ಕಾಣುತ್ತೆ. ಕೆಟಲ್ ತುಂಬಿಸ್ಕೊಂಡು ಬರ್ತೀನಿ."

"ಗಾಡಿ ಬಿಟ್ಟು ನಡೀಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳೋನು ನೀನು."

"ಅದು ನೀರೆಲ್ಲಿದೆ ಅಂತ ಗೊತ್ತಿಲ್ದೋರಿಗೆ. ನಾನೇ ತೋಡ್ಸಿ ನಾನೇ ನಿಲ್ಸಿದ್ದು ಕಣೆ ಅದು."

"ಹೋಗ್ಬೇಡ ಕ್ಲೆಮ್. ಪೀಚ್ ಡಬ್ಬಿ ಇದೆ. ಒಡೀತೀನಿ, ಕೂತ್ಕೋ."

"ನೀನು ಕುಡಿ," ಎಂದ. ಅವಳು ಅವನ ಷರಟು ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೆಲ್ಲಗೆ ಅವಳ ಮಡಿಲಲ್ಲಿಟ್ಟು ಹೋದ. ದಿಬ್ಬದ ನೆತ್ತಿಯಲ್ಲಿ ನಿಂತು ಆಚೆ ನೋಡಿದ. ಅವನ ಭುಜ ನೆಟ್ಟಗಾಯಿತು. ಈ ಕಡೆ ತಿರುಗಿ ಹೆಬ್ಬೆಟ್ಟು ಎತ್ತಿ ತೋರಿಸಿದ. ಆಮೇಲೆ ಇಳಿದುಹೋದ.

ತಂತಿ ಬಂದ ಮೇಲೆ ಬೆವನ್ ಹಳೆಯ ದಾರಿಯಲ್ಲೇ ಹಿಂತಿರುಗಿದ. ಬಾಸ್‌ನ ಜೀಪು ಹಿಂದೆ ಕಂಡ ಜಾಗದಿಂದ ಒಂದು ಕೂಗಳತೆಯಷ್ಟೇ ಮುಂದೆ ನಿಂತಿರುವುದು ಕಂಡಿತು. ಈ ಸಲ ನಿಲ್ಲಿಸಿದ. ಕ್ಯಾರವಾನಿನ ಅಡಿಯಲ್ಲಿ ಡೆಲ್ಮಾ ಇದ್ದಳು, ನಾಲಿಗೆ ಮರದ ಚೂರಾಗಿತ್ತು, ಮಗ್ಗುಲಲ್ಲಿ ಒಡೆದ ಪೀಚ್ ಡಬ್ಬಿ. ಅರ್ಧ ಕುಡಿದು ಅರ್ಧ ಉಳಿಸಿದ್ದಳು. ಅವನು ಬಾಯಿಗೆ ನೀರು ಹನಿಸಿದಾಗ ಅವಳು ದಿಬ್ಬದ ಕಡೆ ಕೈ ತೋರಿಸಿದಳು.

ಕ್ಲೆಮ್‌ನನ್ನು ತರಲು ಹೋದವರಲ್ಲಿ ನಾನೂ ಇದ್ದೆ. ಅಲ್ಲಿ ಕಂಡದ್ದಕ್ಕೆ ಉಪ್ಪು ಖಾರ ಹಚ್ಚುವುದು ನನ್ನಿಂದ ಆಗುವುದಿಲ್ಲ. ದಿಬ್ಬ ಹತ್ತಿದರೆ ಏಳನೇ ನಂಬರ್ ಕಾಣುತ್ತದೆ, ನಿಜ. ಚಕ್ರ ತಿರುಗುತ್ತಿತ್ತು. ಒಂದು ಕಿರ್ರೆನ್ನುವ ಸದ್ದೂ ಇಲ್ಲದೆ, ನಿನ್ನೆ ಎಣ್ಣೆ ಬಿಟ್ಟ ಹಾಗೆ. ಅಷ್ಟು ಚೆನ್ನಾಗಿ ನಿಲ್ಲಿಸಿದ್ದ. ಆದರೆ ಜಮೀನಿನವರು ಹೊಸ ಪಂಪನ್ನು ಬೇರೆ ಕಡೆ ಹಾಕಿಕೊಂಡು, ಇದರ ನೀರೆತ್ತುವ ಸಲಾಕೆಗಳನ್ನೂ ಕೊಳವೆಗಳನ್ನೂ ಕಿತ್ತು ಒಯ್ದು ಎಷ್ಟೋ ಕಾಲವಾಗಿತ್ತು. ಮೇಲಿನದನ್ನು ಬಿಚ್ಚಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಚಕ್ರ ಬರೀ ಗಾಳಿ ತಿರುವುತ್ತಿತ್ತು. ತೊಟ್ಟಿಯಲ್ಲಿ ಒಂದು ಹಕ್ಕಿಯ ಗೂಡು. ಕ್ಲೆಮ್ ಕಬ್ಬಿಣದ ಕಾಲಿಗೆ ಒರಗಿ ಕೂತಿದ್ದ, ಟೋಪಿ ಸರಿಯಾಗಿತ್ತು. ಕೆಟಲನ್ನು ನೀರು ಬೀಳುವ ಬಾಯಿಯ ಕೆಳಗೆ ಇಟ್ಟಿದ್ದ.

ಡಂಕರಿಯ ಹಿಂದಿನ ಕೆಂಪು ನೆಲದಲ್ಲಿ ಅವನನ್ನು ಹೂಳಿದೆವು. ಸೀಮೆಯವರೆಲ್ಲ ಬಂದಿದ್ದರು; ಯಾರ ಗಾಡಿಯನ್ನು ಅವನು ಒಮ್ಮೆಯಾದರೂ ಎಬ್ಬಿಸಿರಲಿಲ್ಲ? ಮಗಳು ಅಡಿಲೇಡಿನಿಂದ ಬಂದು, ಅತ್ತು, ಅಮ್ಮನನ್ನು ಕರೆದಳು. ಡೆಲ್ಮಾ ಹೋಗಲಿಲ್ಲ. ನಿನ್ನ ಅಪ್ಪನ ಊರಲ್ಲೇ ಇರುತ್ತೇನೆ ಎಂದಳು. ನನ್ನ ಅಡುಗೆಮನೆ ಆಮೇಲೆ ಅವಳ ಕೈಗೆ ಹೋಯಿತು, ಅದು ಬೇರೆ ಮಾತು.

ಆ ಮಧ್ಯಾಹ್ನ ನನ್ನ ಪಂಪಿನ ಜಗಲಿಯಲ್ಲಿ ಚಹಾ, ಕುರಿಮಾಂಸದ ಸ್ಯಾಂಡ್‌ವಿಚ್. ಕೆಲಸ ಮಾಡದೆ ಕೂರಲಾರೆ ಎಂದು ಡೆಲ್ಮಾ ತಾನೇ ಕೆಟಲ್ ಹಿಡಿದು ಎಲ್ಲರಿಗೂ ಬಗ್ಗಿಸುತ್ತಿದ್ದಳು. ದನಿ ಇನ್ನೂ ಪೂರ್ತಿ ಬಂದಿರಲಿಲ್ಲ. ಜನ ಅವಳ ಎದುರು ಕ್ಲೆಮ್‌ನನ್ನು ಹೊಗಳಿದರು. ಯಾರಿಗೂ ತೊಂದರೆ ಕೊಡದ ಜೀವ, ಕೊನೆತನಕ ಕೈ ಚಾಚಲಿಲ್ಲ, ಗಂಡಸು ಅಂದರೆ ಹಾಗಿರಬೇಕು. ಅವಳು ತಲೆಯಾಡಿಸಿ ಮುಂದಿನ ಲೋಟಕ್ಕೆ ಹೋಗುತ್ತಿದ್ದಳು.

ಬೆವನ್ ಮೂಲೆಯಲ್ಲಿ ನಿಂತಿದ್ದ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ, ಯಾರ ಮುಖವನ್ನೂ ನೋಡಿರಲಿಲ್ಲ. ಅವಳು ಹತ್ತಿರ ಬಂದಾಗ ಟೋಪಿಯ ಅಂಚನ್ನು ಗಿರಗಿರ ತಿರುಗಿಸುತ್ತ ಹೇಳಿದ:

"ಡೆಲ್ಮಾ, ನಾನು ಕೇಳ್ದೆ. ದೇವರಾಣೆಗೂ ಕೇಳ್ದೆ. ಟ್ರಕ್ ನಿಧಾನ ಮಾಡ್ದೆ, ಕೈ ಹೊರಗೆ ಹಾಕ್ದೆ. ಬಾಸ್ ಹೆಬ್ಬೆಟ್ಟು ಎತ್ತಿದ್ರು. ಅವರು ಎತ್ತಿದ ಮೇಲೆ ನಾನು ಹೆಂಗೆ ನಿಲ್ಲಿಸ್ಲಿ ಹೇಳಿ?"

ಯಾರೋ, "ಬಿಡೋ ಮಾರಾಯ, ಇನ್ನೇನು ಮಾಡೋಕಾಗ್ತಿತ್ತು ನಿನ್ನ ಕೈಲಿ" ಎಂದರು. ನಮ್ಮ ರಸ್ತೆಯ ಮಾನ ಉಳಿಸುವ ಭಾರ ನನ್ನ ಮೇಲೇ ಇದೆ ಎಂಬಂತೆ ನಾನೂ ಬಾಯಿ ಹಾಕಿದೆ.

"ಪದ್ಧತಿ ಪ್ರಕಾರ ಏನು ಕೇಳ್ಬೇಕೋ ಅದನ್ನ ಕೇಳಿದಾನೆ ಡೆಲ್ಮಾ. ಅವನದೇನೂ ತಪ್ಪಿಲ್ಲ."

ಡೆಲ್ಮಾ ಬೆವನ್‌ನ ಲೋಟ ತುಂಬಿಸಿದಳು. ಸಕ್ಕರೆ ಹಾಕಿ ತಿರುಗಿಸಿ ಅವನ ಕೈಗಿಟ್ಟಳು.

"ಕೇಳಿದೀಯಪ್ಪ, ಇಲ್ಲ ಅಂದವರ್ಯಾರು?" ಎಂದಳು. "ಕೇಳಿದ್ದು ಕ್ಲೆಮ್‌ನ. ಗಾಡೀಲಿ ಇಬ್ರಿದ್ವಿ."